ಕೊಡಗಿನ ಮನೆಗೆ ಸೋಲಾರ್, ಬ್ಯಾಟರಿ: ಮನೆಪತ್ರ ಬ್ಯಾಂಕಿಗೆ ಕೊಡುವ ಮುನ್ನ

ಮೊದಲು ಸೆಸ್ಕ್ (ಚಾಮುಂಡೇಶ್ವರಿ ವಿದ್ಯುತ್ ನಿಗಮ) ಬಿಲ್ ತೆಗೆದು ನೋಡಿ. ಗೃಹಜ್ಯೋತಿಯಲ್ಲಿ ಶೂನ್ಯ ಬಿಲ್ ಬರುತ್ತಿದ್ದರೆ ಮಾಡಿನ (ಛಾವಣಿಯ) ಮೇಲೆ ಎಷ್ಟು ಪ್ಯಾನೆಲ್ ಹಾಕಿದರೂ ತಿಂಗಳಿಗೆ ಉಳಿಯುವ ದುಡ್ಡು ಏನೂ ಇಲ್ಲ. 2022-23ರ ಸರಾಸರಿ ಬಳಕೆಯ ಲೆಕ್ಕದಲ್ಲಿ ನಿಮಗೆ ಸಿಕ್ಕಿರುವ ಉಚಿತ ಮಿತಿ ಎಷ್ಟು, ತಿಂಗಳಿಗೆ 200 ಯುನಿಟ್ ದಾಟಿ ಪೂರ್ತಿ ಬಿಲ್ ಕಟ್ಟುವ ತಿಂಗಳುಗಳು ವರ್ಷಕ್ಕೆ ಎಷ್ಟು ಎಂಬುದನ್ನು ಹಿಂದಿನ 12 ಬಿಲ್ಲುಗಳಿಂದ ಬರೆದುಕೊಳ್ಳಿ. ತಿಂಗಳಿಗೆ 300 ಯುನಿಟ್ ಮೇಲೆ ಓಡುವ ಮನೆಗೆ ಸೋಲಾರ್ ತನ್ನ ಸಾಲವನ್ನು ತಾನೇ ತೀರಿಸಿಕೊಳ್ಳಬಲ್ಲದು. ಶೂನ್ಯ ಬಿಲ್ಲಿನ ಮನೆಯಲ್ಲಿ ಅದು ಆಗುವುದಿಲ್ಲ. ಅಂಥ ಮನೆಯವರು ದುಡ್ಡು ಹಾಕುವುದು ಮಳೆಗಾಲದ ಬೆಳಕಿಗೆ, ಬಿಲ್ ಉಳಿತಾಯಕ್ಕಲ್ಲ. ಅದೂ ನ್ಯಾಯವಾದ ಖರ್ಚೇ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮರ ಬಿದ್ದು ಲೈನ್ ತುಂಡಾದರೆ ಭಾಗಮಂಡಲ, ನಾಪೋಕ್ಲು, ಶ್ರೀಮಂಗಲದ ಕಡೆಯ ಒಂಟಿ ಮನೆಗಳಿಗೆ ಕರೆಂಟ್ ಮರಳುವುದು ಎರಡು ದಿನಕ್ಕೋ ನಾಲ್ಕು ದಿನಕ್ಕೋ. ಮನೆಯಲ್ಲಿ ವಯಸ್ಸಾದವರಿದ್ದರೆ, ಫ್ರಿಜ್‌ನಲ್ಲಿ ಇನ್ಸುಲಿನ್ ಇದ್ದರೆ, ಮೊಬೈಲ್ ಟವರ್ ಸತ್ತು ವೈಫೈ ಒಂದೇ ಗತಿಯಾಗಿದ್ದರೆ ಬ್ಯಾಟರಿಯ ಬೆಲೆಯನ್ನು ಯುನಿಟ್ ಲೆಕ್ಕದಲ್ಲಿ ಅಳೆಯಲಾಗದು. ಆದರೆ ಆ ಖರ್ಚಿಗೆ ಮನೆಯನ್ನೇ ಅಡ ಇಡಬೇಕೇ, ಇಟ್ಟರೆ ಎಷ್ಟು ಮೊತ್ತಕ್ಕೆ, ಎಷ್ಟು ವರ್ಷಕ್ಕೆ ಎಂಬುದನ್ನು ಮಾತ್ರ ತಣ್ಣಗೆ ಕೂತು ಲೆಕ್ಕ ಹಾಕಲೇಬೇಕು.

ಯಾವ ಬಗೆಯ ಸೋಲಾರ್ ಎಂಬುದು ಮೊದಲು ತೀರ್ಮಾನವಾಗಲಿ

ಹೆಚ್ಚು ಜನ ಎಡವುವುದು ಇಲ್ಲೇ. ಬ್ಯಾಟರಿಯಿಲ್ಲದೆ ಲೈನಿಗೆ ಮಾತ್ರ ಜೋಡಿಸಿದ ಆನ್‌ಗ್ರಿಡ್ ಸೋಲಾರ್ ಕರೆಂಟ್ ಹೋದ ತಕ್ಷಣ ನಿಂತುಬಿಡುತ್ತದೆ, ಮಧ್ಯಾಹ್ನದ ಉರಿಬಿಸಿಲಿದ್ದರೂ ಸರಿ. ಲೈನ್ ರಿಪೇರಿಗೆ ಕಂಬ ಹತ್ತಿದ ಲೈನ್‌ಮನ್‌ಗೆ ನಿಮ್ಮ ಮನೆಯಿಂದ ಕರೆಂಟ್ ಹರಿಯಬಾರದೆಂದು ಇನ್ವರ್ಟರನ್ನೇ ಹಾಗೆ ಮಾಡಿರುತ್ತಾರೆ. ‘ಸೋಲಾರ್ ಹಾಕಿಸಿದ್ದೇವೆ, ಆದರೂ ಮಳೆಗಾಲದಲ್ಲಿ ಕತ್ತಲೆ’ ಎನ್ನುವ ಮನೆಗಳಲ್ಲಿ ಆಗಿರುವುದು ಇದೇ. ಲೈನಿನ ನಂಟೇ ಇಲ್ಲದ ಪೂರ್ತಿ ಆಫ್‌ಗ್ರಿಡ್ ಹಾಕಿಸಿದರೆ ಕೇಂದ್ರ ಸರ್ಕಾರದ ಪಿಎಂ ಸೂರ್ಯಘರ್ ಯೋಜನೆಯ ಸಹಾಯಧನ ಸಿಗುವುದಿಲ್ಲ. ಕೊಡಗಿಗೆ ಒಪ್ಪುವುದು ಹೈಬ್ರಿಡ್: ಲೈನ್ ಇದ್ದಾಗ ನೆಟ್ ಮೀಟರ್ (ಕೊಟ್ಟ, ಪಡೆದ ಕರೆಂಟ್ ಎರಡನ್ನೂ ಅಳೆಯುವ ಮೀಟರ್) ಮೂಲಕ ಗ್ರಿಡ್‌ಗೆ, ಲೈನ್ ಹೋದಾಗ ಬ್ಯಾಟರಿಯಿಂದ ಮನೆಗೆ. ಹೈಬ್ರಿಡ್‌ಗೂ ಸಹಾಯಧನ ಉಂಟು, ಆದರೆ ಪ್ಯಾನೆಲ್ ಮತ್ತು ಇನ್ವರ್ಟರ್ ಸಾಮರ್ಥ್ಯದಲ್ಲಿ ಯಾವುದು ಕಡಿಮೆಯೋ ಅದರ ಲೆಕ್ಕಕ್ಕೆ ಮಾತ್ರ. ಬ್ಯಾಟರಿಗೆ ಒಂದು ರೂಪಾಯಿಯೂ ಬರುವುದಿಲ್ಲ. ಈ ಒಂದು ಸಂಗತಿಯೇ ಸಾಲವನ್ನು ಎರಡು ಭಾಗ ಮಾಡಲು ಸಾಕಾದ ಕಾರಣ.

ಸಹಾಯಧನದ ಮೊತ್ತ: ಮೊದಲ 2 ಕಿಲೋವ್ಯಾಟ್‌ಗೆ ತಲಾ 30,000 ರೂಪಾಯಿ, ಮೂರನೆಯದಕ್ಕೆ 18,000. ಅಲ್ಲಿಗೆ 78,000 ರೂಪಾಯಿ. ಅದಕ್ಕಿಂತ ದೊಡ್ಡದು ಹಾಕಿದರೂ ಅಷ್ಟೇ. ಪ್ಯಾನೆಲ್ ಮಾತ್ರ ದೇಶದಲ್ಲೇ ತಯಾರಾದ ಸೆಲ್ ಇರುವ ಡಿಸಿಆರ್ ಪ್ಯಾನೆಲ್ ಆಗಿರಬೇಕು. ಬೇರೆ ಪ್ಯಾನೆಲ್ ಅಗ್ಗವೆಂದು ತೋರಿಸುವ ಕೊಟೇಶನ್ ನೋಡಿ ಮರುಳಾದರೆ 78,000 ಕೈಬಿಟ್ಟಂತೆ.

ಬ್ಯಾಟರಿ ಎಷ್ಟು ದೊಡ್ಡದು?

ಮಾರುವವರು ಹೇಳುವ ಗಾತ್ರ ನಂಬಬೇಡಿ. ಕರೆಂಟ್ ಇಲ್ಲದ ದಿನ ಮನೆಯಲ್ಲಿ ಏನು ಓಡಲೇಬೇಕೆಂದು ಪಟ್ಟಿ ಮಾಡಿ. ಫ್ರಿಜ್ ದಿನಕ್ಕೆ 1.2 ಯುನಿಟ್. 9 ವ್ಯಾಟಿನ 10 ಬಲ್ಬು 5 ಗಂಟೆ ಉರಿದರೆ 0.45. ರೂಟರ್ ಇಡೀ ದಿನ 0.3. ಮೊಬೈಲು, ಲ್ಯಾಪ್‌ಟಾಪು 0.3. ಟೀವಿ 3 ಗಂಟೆ 0.24. ಮಿಕ್ಸಿ 0.15. 1 ಎಚ್‌ಪಿ ಪಂಪು ಅರ್ಧ ಗಂಟೆ 0.5. ಒಟ್ಟು ಸುಮಾರು 3.1 ಯುನಿಟ್. ಇಲ್ಲಿಗೇ ನಿಲ್ಲಿಸಿದರೆ ತಪ್ಪಾಗುತ್ತದೆ, ಏಕೆಂದರೆ ಹೈಬ್ರಿಡ್ ಇನ್ವರ್ಟರ್ ಸುಮ್ಮನೆ ಆನ್ ಆಗಿರುವುದಕ್ಕೇ 50 ವ್ಯಾಟಿನಷ್ಟು ತಿನ್ನುತ್ತದೆ; 24 ಗಂಟೆಗೆ 1.2 ಯುನಿಟ್. ಕೊಟೇಶನ್‌ನಲ್ಲಿ ಇದನ್ನು ಯಾರೂ ಬರೆಯುವುದಿಲ್ಲ. ಸೇರಿಸಿದರೆ ದಿನಕ್ಕೆ 4.3 ಯುನಿಟ್.

ಮಾರುಕಟ್ಟೆಯಲ್ಲಿ ಸಾಮಾನ್ಯವಾಗಿ ಸಿಗುವ ಲೀಥಿಯಂ ಐರನ್ ಫಾಸ್ಫೇಟ್ ಬ್ಯಾಟರಿ 51.2 ವೋಲ್ಟ್, 100 ಆಂಪಿಯರ್-ಅವರ್, ಅಂದರೆ 5.12 ಯುನಿಟ್. ಅದರಲ್ಲಿ ಶೇ 90ರಷ್ಟು ಬಳಸಬಹುದು, 4.6 ಯುನಿಟ್. ಒಂದು ದಿನಕ್ಕೆ ಸರಿಹೋಯಿತು. ಅದರ ಜೊತೆ 3.3 ಕಿಲೋವ್ಯಾಟ್ ಪ್ಯಾನೆಲ್ ಜುಲೈನ ಕಾರ್ಮೋಡದ ದಿನದಲ್ಲೂ, ಕಿಲೋವ್ಯಾಟ್‌ಗೆ ಒಂದರಂತೆ ಹಿಡಿದರೆ, 3 ಯುನಿಟ್ ಕೊಡುತ್ತದೆ. ಹೀಗಾಗಿ ತುಂಬಿದ ಬ್ಯಾಟರಿಯಿಂದ ಶುರುವಾದರೆ ಮೂರು ದಿನ ತಳ್ಳಬಹುದು. ರಾತ್ರಿ ಫ್ರಿಜ್ ಆಫ್ ಮಾಡಿದರೆ ಇನ್ನೂ ಸ್ವಲ್ಪ ಹೆಚ್ಚು. ಕುಶಾಲನಗರದ ಕಡೆ ಮಳೆ ಕಡಿಮೆ, ಅಲ್ಲಿ ಇದು ಧಾರಾಳವಾಯಿತು. ಮಡಿಕೇರಿ, ತಲಕಾವೇರಿ ಭಾಗದವರಿಗೆ ಎರಡನೇ ಬ್ಯಾಟರಿಗಿಂತ ಜನರೇಟರ್ ಇನ್‌ಪುಟ್ ಇರುವ ಇನ್ವರ್ಟರ್ ಉಪಯೋಗಕ್ಕೆ ಬರುತ್ತದೆ. ತೋಟದ ಮನೆಗಳಲ್ಲಿ ಜನರೇಟರ್ ಹೇಗೂ ಇರುತ್ತದೆ. ದಿನಕ್ಕೆ ಎರಡು ಗಂಟೆ ಓಡಿಸಿ ಬ್ಯಾಟರಿ ತುಂಬಿಸಿಕೊಂಡರೆ ಡೀಸೆಲ್ ಖರ್ಚೂ ಹಿಡಿತದಲ್ಲಿರುತ್ತದೆ. ಗೀಸರ್, ಇಂಡಕ್ಷನ್ ಒಲೆ, ಇಸ್ತ್ರಿಪೆಟ್ಟಿಗೆ ಬ್ಯಾಟರಿ ಲೈನಿಗೆ ಬೇಡವೇ ಬೇಡ. ಬಚ್ಚಲ ಹಂಡೆಯ ಸೌದೆ ಒಲೆ ಇದ್ದರೆ ಅದನ್ನು ಕೆಡವಿಸಬೇಡಿ.

ಟ್ಯೂಬುಲರ್ ಬ್ಯಾಟರಿ ಅಗ್ಗ, ನಿಜ. 150 ಆಂಪಿಯರ್-ಅವರ್‌ನ ನಾಲ್ಕು ಬ್ಯಾಟರಿ ಸೇರಿದರೆ ಲೆಕ್ಕಕ್ಕೆ 7.2 ಯುನಿಟ್, ಆದರೆ ಅರ್ಧಕ್ಕಿಂತ ಹೆಚ್ಚು ಇಳಿಸಿದರೆ ಬೇಗ ಸಾಯುತ್ತವೆ, ಆದ್ದರಿಂದ ಕೈಗೆ ಸಿಗುವುದು 3.6. ನಾಲ್ಕೈದು ವರ್ಷ ಬಾಳುತ್ತವೆ. ಲೀಥಿಯಂ ಐರನ್ ಫಾಸ್ಫೇಟ್ ಸರಿಯಾಗಿ ಇಟ್ಟುಕೊಂಡರೆ ಹತ್ತು ವರ್ಷ. ಪ್ಯಾನೆಲ್‌ಗಳಿಗೆ ಉತ್ಪಾದನೆಯ ವಾರಂಟಿಯೇ 25 ವರ್ಷ. ಸಾಲದ ಅವಧಿ ನಿರ್ಧಾರವಾಗಬೇಕಾದ್ದು ಈ ಮೂರು ಆಯುಷ್ಯಗಳ ಮೇಲೆ.

ದುಡ್ಡಿನ ದಾರಿಗಳು

ಲೆಕ್ಕಕ್ಕೆ ಒಂದು ಮನೆ ಹಿಡಿಯೋಣ. 3.3 ಕಿಲೋವ್ಯಾಟ್ ಡಿಸಿಆರ್ ಪ್ಯಾನೆಲ್, ಹೈಬ್ರಿಡ್ ಇನ್ವರ್ಟರ್, ಸ್ಟ್ರಕ್ಚರ್, ನೆಟ್ ಮೀಟರ್ ಎಲ್ಲ ಸೇರಿ 2.3 ಲಕ್ಷ, 5.12 ಯುನಿಟ್ ಬ್ಯಾಟರಿಗೆ 1.2 ಲಕ್ಷ, ಒಟ್ಟು 3.5 ಲಕ್ಷ ಎಂದಿಟ್ಟುಕೊಳ್ಳಿ. ನಿಮ್ಮ ಕೊಟೇಶನ್‌ನ ಅಂಕಿ ಬೇರೆ ಇದ್ದರೆ ಅದನ್ನೇ ಹಾಕಿ ಲೆಕ್ಕ ಮುಂದುವರಿಸಿ.

ಸೂರ್ಯಘರ್ ಯೋಜನೆಯಡಿ ಸರ್ಕಾರಿ ಬ್ಯಾಂಕುಗಳು 3 ಕಿಲೋವ್ಯಾಟ್‌ವರೆಗಿನ ಸೋಲಾರ್‌ಗೆ 2 ಲಕ್ಷದವರೆಗೆ ಯಾವ ಅಡಮಾನವೂ ಇಲ್ಲದೆ ಸಾಲ ಕೊಡುತ್ತವೆ. ಬಡ್ಡಿ ರೆಪೊ ದರಕ್ಕೆ (ರಿಸರ್ವ್ ಬ್ಯಾಂಕ್ ಬೇರೆ ಬ್ಯಾಂಕುಗಳಿಗೆ ಸಾಲ ಕೊಡುವ ದರ) ಹೊಂದಿಕೊಂಡಿದ್ದು, ಶೇ 6ರ ಆಸುಪಾಸಿನಲ್ಲಿದೆ. ಅರ್ಜಿ ಸರ್ಕಾರದ ಜನ್‌ಸಮರ್ಥ್ ಸಾಲ ಪೋರ್ಟಲ್ ಮೂಲಕ. ಇಷ್ಟು ಅಗ್ಗದ ಸಾಲ ಪತ್ರ ಅಡವಿಡದೆ ಸಿಗುವಾಗ ಸೋಲಾರ್ ಭಾಗಕ್ಕೆ ಮನೆ ಅಡ ಇಡುವುದರಲ್ಲಿ ಅರ್ಥವೇ ಇಲ್ಲ. ಮೊದಲು ಇದನ್ನು ತೆಗೆದುಕೊಳ್ಳಿ. 78,000 ಸಹಾಯಧನ ಖಾತೆಗೆ ಬಂದ ದಿನವೇ ಇದೇ ಸಾಲಕ್ಕೆ ಕಟ್ಟಿಬಿಡಿ. 2 ಲಕ್ಷ 1.22 ಲಕ್ಷಕ್ಕೆ ಇಳಿಯುತ್ತದೆ; 5 ವರ್ಷಕ್ಕೆ ತಿಂಗಳ ಕಂತು ಸುಮಾರು 2,360 ರೂಪಾಯಿ. ತಿಂಗಳಿಗೆ 300 ಯುನಿಟ್ ಬಳಸುವ ಮನೆಯಲ್ಲಿ ಇದರ ಬಹುಪಾಲು ಬಿಲ್ ಉಳಿತಾಯದಲ್ಲೇ ಹುಟ್ಟುತ್ತದೆ.

ಸೋಲಾರ್ ಭಾಗದ ಮಿಕ್ಕ 30,000 ಕೈಯಿಂದ ಹಾಕಿದರೆ, ಉಳಿದದ್ದು ಬ್ಯಾಟರಿ. ಮನೆಯ ಮೌಲ್ಯದ ಮೇಲೆ ಸಾಲ ಎಂಬ ಮಾತು ಬರುವುದು ಇಲ್ಲಿ, ಅಥವಾ ಹೋಂಸ್ಟೇ ಇರುವ ಮನೆಗೆ 10 ಕಿಲೋವ್ಯಾಟ್, ಎರಡು ಮೂರು ಬ್ಯಾಟರಿ, ಹಳೆ ಮಾಡು ಬಿಚ್ಚಿ ಹೊಸ ಶೀಟು ಎಂದು ಮೊತ್ತ ಎಂಟು ಹತ್ತು ಲಕ್ಷಕ್ಕೆ ಏರಿದಾಗ. (ಕಮರ್ಷಿಯಲ್ ಮೀಟರ್ ಇರುವ ಹೋಂಸ್ಟೇಗೆ ಸೂರ್ಯಘರ್ ಸಹಾಯಧನವಿಲ್ಲ, ಅದು ಮನೆ ಸಂಪರ್ಕಕ್ಕೆ ಮಾತ್ರ.) ಮೂರು ಬಗೆಯಲ್ಲಿ ಈ ಸಾಲ ಸಿಗುತ್ತದೆ.

ಟಾಪ್‌ಅಪ್: ಈಗಾಗಲೇ ಗೃಹಸಾಲ ನಡೆಯುತ್ತಿದ್ದರೆ ಅದರ ಮೇಲೆ. ಒಂದು ವರ್ಷವಾದರೂ ಕಂತು ತಪ್ಪದೆ ಕಟ್ಟಿರಬೇಕೆಂದು ಬ್ಯಾಂಕುಗಳು ಕೇಳುತ್ತವೆ. ಪತ್ರಗಳು ಬ್ಯಾಂಕಿನಲ್ಲೇ ಇರುವುದರಿಂದ ವಕೀಲರ ಅಭಿಪ್ರಾಯ, ಮೌಲ್ಯಮಾಪನದ ಓಡಾಟ ಕಡಿಮೆ. ಬಡ್ಡಿ ಗೃಹಸಾಲಕ್ಕಿಂತ ತುಸು ಹೆಚ್ಚು. ನಿಮ್ಮಲ್ಲಿ ಗೃಹಸಾಲ ಇದ್ದರೆ ಇದೇ ಸರಿಯಾದ ದಾರಿ.

ಆಸ್ತಿ ಅಡಮಾನ ಸಾಲ: ಸಾಲವಿಲ್ಲದ ಮನೆಯ ಪತ್ರ ಇಟ್ಟು ತೆಗೆಯುವುದು. ಮನೆಯ ಮೌಲ್ಯದ ಅರ್ಧದಿಂದ ಶೇ 65ರವರೆಗೆ ಕೊಡುತ್ತಾರೆ. ಪ್ರೊಸೆಸಿಂಗ್ ಶುಲ್ಕ, ವಕೀಲರ ಶುಲ್ಕ, ಮೌಲ್ಯಮಾಪಕರ ಶುಲ್ಕ, ಪತ್ರ ಒಪ್ಪಿಸಿದ ಒಡಂಬಡಿಕೆಯ ಮುದ್ರಾಂಕ ಮತ್ತು ನೋಂದಣಿ ಎಂದು ಕೈಯಿಂದ ಹೋಗುವ ದುಡ್ಡು ಸಾಲ ಚಿಕ್ಕದಾದಷ್ಟೂ ಭಾರ. 3 ಲಕ್ಷದ ಸಾಲಕ್ಕೆ 20,000 ಖರ್ಚಾದರೆ ಮೊದಲ ದಿನವೇ ಶೇ 6ಕ್ಕಿಂತ ಹೆಚ್ಚು ಕಳೆದಂತೆ. ಒಂದು ಬ್ಯಾಟರಿಗಾಗಿ ಇದನ್ನು ಮಾಡಬೇಡಿ.

ಓವರ್‌ಡ್ರಾಫ್ಟ್ ಮಾದರಿ: ಕಾಫಿ ಬೆಳೆಗಾರರ ಕೈಗೆ ಹೇಳಿ ಮಾಡಿಸಿದಂಥದ್ದು, ಆದರೂ ಕೇಳಿ ಪಡೆಯುವವರು ಕಡಿಮೆ. ಮಿತಿಯೊಂದು ಮಂಜೂರಾಗಿರುತ್ತದೆ, ಬಳಸಿದಷ್ಟಕ್ಕೆ ಮಾತ್ರ ಬಡ್ಡಿ, ಖಾತೆಗೆ ದುಡ್ಡು ಹಾಕಿದರೆ ಅಂದಿನಿಂದಲೇ ಬಡ್ಡಿ ಇಳಿಯುತ್ತದೆ. ಅರೇಬಿಕಾ, ರೋಬಸ್ಟಾ ಮಾರಿ ಮಾರ್ಚ್‌ನೊಳಗೆ, ಕಾಳುಮೆಣಸು ಮಾರಿ ಏಪ್ರಿಲ್‌ನೊಳಗೆ ಬಂದ ಹಣವನ್ನು ಅದರಲ್ಲಿ ಇಟ್ಟು, ಗೊಬ್ಬರಕ್ಕೂ ಕೂಲಿಗೂ ಬೇಕಾದಾಗ ತೆಗೆಯಬಹುದು. ವರ್ಷಕ್ಕೊಮ್ಮೆ ಆದಾಯ ಬರುವ ಮನೆಗೆ ತಿಂಗಳ ಕಂತಿನ ಸಾಲ ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ ಹೊರೆಯಾಗುವುದು ಇದರಿಂದ ತಪ್ಪುತ್ತದೆ. ಬಡ್ಡಿ ಮಾಮೂಲಿ ಸಾಲಕ್ಕಿಂತ ಸ್ವಲ್ಪ ಹೆಚ್ಚಿರುತ್ತದೆ; ವರ್ಷದಲ್ಲಿ ನಾಲ್ಕು ತಿಂಗಳಾದರೂ ಖಾತೆಯಲ್ಲಿ ದೊಡ್ಡ ಮೊತ್ತ ನಿಲ್ಲುವವರಿಗೆ ಮಾತ್ರ ಲಾಭ.

ಬೆಳೆ ಸಾಲದ ಹಣವನ್ನು ಸಹಕಾರ ಸಂಘದಿಂದ ಎತ್ತಿ ಬ್ಯಾಟರಿಗೆ ಹಾಕುವುದು ಬೇಡ. ಕಡಿಮೆ ಬಡ್ಡಿಯ ರಿಯಾಯಿತಿ ಬೆಳೆಗೆ ಇರುವಂಥದ್ದು, ಕಾಫಿ ಕೈಕೊಟ್ಟ ವರ್ಷ ಎರಡೂ ಸಾಲ ಒಟ್ಟಿಗೆ ಕುತ್ತಿಗೆಗೆ ಬರುತ್ತವೆ.

ಈಗ ಅವಧಿ. 1.2 ಲಕ್ಷದ ಬ್ಯಾಟರಿಗೆ ಶೇ 9ರ ಟಾಪ್‌ಅಪ್ ತೆಗೆದು 5 ವರ್ಷಕ್ಕೆ ತೀರಿಸಿದರೆ ಕಂತು 2,491 ರೂಪಾಯಿ, ಒಟ್ಟು ಬಡ್ಡಿ ಸುಮಾರು 29,500. ಅದನ್ನೇ ಗೃಹಸಾಲದ ಜೊತೆ ಸೇರಿಸಿ 15 ವರ್ಷಕ್ಕೆ ಎಳೆದರೆ ಕಂತು 1,217ಕ್ಕೆ ಇಳಿಯುತ್ತದೆ, ಬಡ್ಡಿ 99,000ಕ್ಕೆ ಏರುತ್ತದೆ. ಅದಕ್ಕಿಂತ ಕೆಟ್ಟದ್ದೆಂದರೆ ಬ್ಯಾಟರಿ ಹತ್ತನೇ ವರ್ಷಕ್ಕೆ ದಣಿದು ಹೊಸದು ಬೇಕಾದಾಗ ಹಳೆಯದರ ಸಾಲ ಇನ್ನೂ ಐದು ವರ್ಷ ಬಾಕಿ ಇರುತ್ತದೆ. ಟ್ಯೂಬುಲರ್ ಆದರೆ ಸಾಲ ಮುಗಿಯುವುದರೊಳಗೆ ಎರಡು ಸಲ ಬದಲಾಯಿಸಿರುತ್ತೀರಿ. ಬ್ಯಾಂಕಿನವರು ಉದ್ದ ಅವಧಿ ತೋರಿಸಿ ಕಂತು ಹಗುರವೆನ್ನುತ್ತಾರೆ. ಒಪ್ಪಬೇಡಿ. ಬ್ಯಾಟರಿ ಸಾಲ ಅದರ ವಾರಂಟಿಯ ಅರ್ಧದೊಳಗೆ ತೀರಬೇಕು. ಟ್ಯೂಬುಲರ್ ಬ್ಯಾಟರಿಗೆ ಮನೆ ಅಡವಿಟ್ಟು ಸಾಲ ಮಾಡಲೇಬಾರದು.

ಪತ್ರ: ಕೊಡಗಿನಲ್ಲಿ ನಿಜವಾದ ಕೆಲಸ ಇಲ್ಲಿದೆ

ಪ್ಯಾನೆಲ್ ಕೂರಿಸಲು ಎರಡು ಮೂರು ದಿನ ಸಾಕು, ಪತ್ರ ಸರಿಮಾಡಲು ತಿಂಗಳುಗಳು ಬೇಕು. ಅಡಮಾನದ ಯೋಚನೆ ಇದ್ದರೆ ಮೊದಲು ನಿಮ್ಮ ಮನೆ ಯಾವ ಜಾಗದ ಮೇಲೆ ನಿಂತಿದೆ ಎಂದು ಆರ್‌ಟಿಸಿ ಹಿಡಿದು ನೋಡಿ. 9ನೇ ಕಾಲಮ್ಮಿನಲ್ಲಿ ಹೆಸರುಗಳು. ಸಾಗು ಜಾಗವಾದರೆ (ಮಾಮೂಲಿ ಕಂದಾಯದ ಜಾಗ) ಅಲ್ಲಿ ನಿಮ್ಮ ಹೆಸರೋ ತಂದೆಯವರದೋ ಇರುತ್ತದೆ. ಜಮ್ಮಾ ಜಾಗವಾದರೆ (ಕುಟುಂಬಕ್ಕೆ ವಂಶಪಾರಂಪರ್ಯವಾಗಿ ಬಂದ ಜಾಗ) ಕುಟುಂಬದ ಪರವಾಗಿ ದಾಖಲೆಯಲ್ಲಿರುವ ಪಟ್ಟೇದಾರರ ಹೆಸರು, ಅದರ ಕೆಳಗೆ ಕುಟುಂಬದ ಹತ್ತಾರು ಹೆಸರು. ಎಷ್ಟೋ ಸಲ ಆ ಪಟ್ಟೇದಾರರು ತೀರಿಕೊಂಡು ದಶಕಗಳಾಗಿರುತ್ತವೆ. ಪಾಲಾಗಿ ತಲೆಮಾರು ಕಳೆದಿದೆ, ನಿಮ್ಮ ಪಾಲಿನಲ್ಲಿ ನೀವೇ ಮನೆ ಕಟ್ಟಿದ್ದೀರಿ, ತೆರಿಗೆ ನೀವೇ ಕಟ್ಟುತ್ತೀರಿ, ಊರಿಗೆಲ್ಲ ಅದು ನಿಮ್ಮ ಮನೆ. ಬ್ಯಾಂಕ್ ನೇಮಿಸಿದ ವಕೀಲರಿಗೆ ಮಾತ್ರ ಅದು ಹತ್ತು ಜನರ ಜಾಗ. ಹೆಸರಿರುವ ಎಲ್ಲರೂ, ತೀರಿಕೊಂಡವರ ವಾರಸುದಾರರೂ ಸಹಿ ಹಾಕದೆ ಅಡಮಾನ ಆಗುವುದಿಲ್ಲ. ಬಾಣೆ ಜಾಗವಾದರೆ (ಗದ್ದೆಗೆ ಸೇರಿಸಿ ಕೊಟ್ಟ ಮರಗಾಡಿನ ಜಾಗ) ಅದು ಯಾವ ಗದ್ದೆಗೆ ಅಂಟಿದ ಬಾಣೆ ಎಂಬುದರಿಂದ ಮರಗಳ ಹಕ್ಕು ಯಾರದೆಂಬವರೆಗೆ ಪ್ರಶ್ನೆಗಳು ಬರುತ್ತವೆ.

11ನೇ ಕಾಲಮ್ಮಿನಲ್ಲಿ ಋಣಗಳು. ಸಹಕಾರ ಸಂಘದಲ್ಲಿ ತಂದೆಯವರ ಕಾಲದಲ್ಲಿ ತೆಗೆದು ತೀರಿಸಿದ ಬೆಳೆ ಸಾಲ ಅಲ್ಲಿ ಇನ್ನೂ ನಿಂತಿರಬಹುದು. ತೀರುವಳಿ ಪತ್ರ ತಂದು ತಾಲ್ಲೂಕು ಕಚೇರಿಯಲ್ಲಿ ಅದನ್ನು ತೆಗೆಸಿ. ಅದು ಉಳಿದಿದ್ದರೆ ಇನ್ನೊಂದು ಬ್ಯಾಂಕ್ ಮುಟ್ಟುವುದಿಲ್ಲ.

ಐನ್‌ಮನೆಯನ್ನು (ಮನೆತನದ ಮೂಲ ಮನೆ) ಈ ಸಾಲದ ಲೆಕ್ಕಕ್ಕೆ ತರಲೇಬೇಡಿ. ಅದು ಒಕ್ಕದ, ಅಂದರೆ ಇಡೀ ಮನೆತನದ, ಸ್ವತ್ತು, ಅಲ್ಲಿ ವಾಸವಿರುವ ಒಬ್ಬರು ಅಡ ಇಡಲು ಬರುವುದಿಲ್ಲ, ಇಡಲೂಬಾರದು. ಐನ್‌ಮನೆಗೆ ಬೆಳಕು ಬೇಕಾದರೆ ಒಕ್ಕದವರೆಲ್ಲ ಸೇರಿ ವಂತಿಗೆ ಹಾಕುವುದು, ಇಲ್ಲವೇ ಮೀಟರ್ ಯಾರ ಹೆಸರಿನಲ್ಲಿದೆಯೋ ಅವರು ಉಳಿದವರ ಒಪ್ಪಿಗೆ ಪತ್ರದೊಡನೆ ಅಡಮಾನವಿಲ್ಲದ ಸೂರ್ಯಘರ್ ಸಾಲ ತೆಗೆಯುವುದು ಸರಿಯಾದ ಕ್ರಮ.

ತೋಟದ ನಡುವೆ, ಭೂಪರಿವರ್ತನೆಯಾಗದ ಜಾಗದಲ್ಲಿ ಕಟ್ಟಿದ ಮನೆಯನ್ನು ಗೃಹಸಾಲ ವಿಭಾಗ ಸಾಮಾನ್ಯವಾಗಿ ಒಪ್ಪುವುದಿಲ್ಲ. ಅದಕ್ಕೆ ಕಾನೂನಿನ ಕಾರಣವೊಂದು ಉಂಟು. ಸಾಲ 90 ದಿನ ಬಾಕಿಯಾದರೆ ಬ್ಯಾಂಕ್ ಕೋರ್ಟಿಗೆ ಹೋಗದೆ, 60 ದಿನಗಳ ನೋಟಿಸ್ ಕೊಟ್ಟು ಆಸ್ತಿ ವಶಪಡಿಸಿಕೊಳ್ಳುವ ಅಧಿಕಾರವನ್ನು 2002ರ ಸರ್ಫೇಸಿ ಕಾಯ್ದೆ ಕೊಟ್ಟಿದೆ. ಅದೇ ಕಾಯ್ದೆಯ 31ನೇ ಸೆಕ್ಷನ್ ಕೃಷಿ ಭೂಮಿಯನ್ನು ಹೊರಗಿಟ್ಟಿದೆ. ವಸೂಲಿ ಕಷ್ಟವಾಗುವ ಜಾಗದ ಮೇಲೆ ಬ್ಯಾಂಕ್ ಮನೆಸಾಲ ಕೊಡಲು ಹಿಂದೆಗೆಯುವುದು ಇದಕ್ಕೇ. ಇದನ್ನೇ ನಂಬಿ ತೋಟ ಸುರಕ್ಷಿತ ಎಂದುಕೊಳ್ಳಬೇಡಿ. ಕಾಫಿ ತೋಟಗಳಿಗೂ ಸರ್ಫೇಸಿ ಹರಾಜು ನೋಟಿಸ್ ಬಂದು ಬೆಳೆಗಾರರ ಸಂಘಟನೆಗಳು ಹೋರಾಟಕ್ಕಿಳಿದದ್ದು ಜಿಲ್ಲೆಗೆ ಹೊಸ ಸಂಗತಿಯಲ್ಲ. ಬ್ಯಾಟರಿಗಾಗಿ ತೋಟ ಅಡವಿಡುವ ಯೋಚನೆ ಬಂದರೆ ಅಲ್ಲಿಗೇ ಬಿಡಿ.

ಗ್ರಾಮ ಪಂಚಾಯಿತಿ ವ್ಯಾಪ್ತಿಯ ಮನೆಗೆ ಇ-ಸ್ವತ್ತು ನಮೂನೆ 9 ಮತ್ತು 11ಎ ಬೇಕು. 11ಬಿ ಇದ್ದರೆ ಹೆಚ್ಚಿನ ಬ್ಯಾಂಕುಗಳು ಹಿಂದಿರುಗಿಸುತ್ತವೆ. ಮಡಿಕೇರಿ, ವಿರಾಜಪೇಟೆ, ಕುಶಾಲನಗರ, ಸೋಮವಾರಪೇಟೆ ಪಟ್ಟಣದ ಮನೆಗೆ ಇ-ಖಾತಾ. ಜೊತೆಗೆ ನೋಂದಣಿ ಇಲಾಖೆಯ ಕಾವೇರಿ 2.0 ಪೋರ್ಟಲ್‌ನಿಂದ ಋಣಭಾರ ಪತ್ರ, ಕಟ್ಟಡ ಪರವಾನಗಿ, ಚಾಲ್ತಿ ತೆರಿಗೆ ರಸೀದಿ, ಕ್ರಯಪತ್ರ ಅಥವಾ ಪಾಲುಪಟ್ಟಿಯ ಅಸಲು. 2018ರ ಭೂಕುಸಿತದ ನಂತರ ಇಳಿಜಾರಿನ ಮನೆಗೆ ಬರುವ ಮೌಲ್ಯಮಾಪಕರು ಹಿಂಬದಿಯ ಬರೆ (ಕಡಿದ ಮಣ್ಣಿನ ದಿಬ್ಬ) ಮತ್ತು ತಡೆಗೋಡೆಯನ್ನೇ ಮೊದಲು ನೋಡುತ್ತಾರೆ. ಬಾಯಿಬಿಟ್ಟ ತಡೆಗೋಡೆಯನ್ನು ಅವರು ಬರುವ ಮೊದಲೇ ಸರಿಪಡಿಸಿ.

ಇನ್ನೊಂದು ಹೆಸರು ಮರೆತುಹೋಗುತ್ತದೆ: ಮೀಟರಿನದು. ಆರ್‌ಆರ್ ನಂಬರ್ (ವಿದ್ಯುತ್ ಸಂಪರ್ಕದ ಸಂಖ್ಯೆ) ಅಜ್ಜನ ಹೆಸರಿನಲ್ಲಿದ್ದು ಸಾಲ ಮೊಮ್ಮಗನದಾದರೆ ಸಹಾಯಧನ ಸಿಕ್ಕಿಹಾಕಿಕೊಳ್ಳುತ್ತದೆ, ಏಕೆಂದರೆ ಅದು ಬರುವುದು ಸಂಪರ್ಕ ಯಾರ ಹೆಸರಿನಲ್ಲಿದೆಯೋ ಅವರ ಖಾತೆಗೆ. ಪೋರ್ಟಲ್‌ನಲ್ಲಿ ಅರ್ಜಿ ಹಾಕುವ ಮೊದಲೇ ಸೆಸ್ಕ್ ಉಪವಿಭಾಗದಲ್ಲಿ ಹೆಸರು ಬದಲಾಯಿಸಿಕೊಳ್ಳಿ. ಮೀಟರ್, ಬ್ಯಾಂಕ್ ಖಾತೆ, ಸಾಲದ ಅರ್ಜಿ ಮೂರರಲ್ಲೂ ಹೆಸರಿನ ಅಕ್ಷರ ಅಕ್ಷರವೂ ಒಂದೇ ಇರಲಿ. ಮನೆತನದ ಹೆಸರು ಒಂದು ಕಡೆ ಮುಂದೆ, ಇನ್ನೊಂದು ಕಡೆ ಒಂದೇ ಅಕ್ಷರವಾಗಿ ಇದ್ದರೆ ಅದೂ ತೊಡಕೇ.

ಸಹಿ ಹಾಕುವ ದಿನ

2024ರ ಅಕ್ಟೋಬರ್ 1ರಿಂದ ಪ್ರತಿ ಚಿಲ್ಲರೆ ಸಾಲಕ್ಕೂ ಬ್ಯಾಂಕ್ ಮುಖ್ಯಾಂಶ ಪತ್ರ ಕೊಡಲೇಬೇಕು. ಶುಲ್ಕಗಳೆಲ್ಲ ಸೇರಿದ ವಾರ್ಷಿಕ ದರ ಅದರಲ್ಲಿರುತ್ತದೆ. ಬೇರೆ ಬೇರೆ ಬ್ಯಾಂಕುಗಳನ್ನು ಹೋಲಿಸುವುದಾದರೆ ಆ ದರವನ್ನು ಹೋಲಿಸಿ, ಗೋಡೆಯ ಪೋಸ್ಟರಿನಲ್ಲಿರುವುದನ್ನಲ್ಲ. ಅರ್ಜಿಯಲ್ಲಿ ಉದ್ದೇಶ ‘ಮನೆಗೆ ಸೋಲಾರ್ ಮತ್ತು ಬ್ಯಾಟರಿ’ ಎಂದೇ ಬರೆಸಿ. ವ್ಯಾಪಾರಕ್ಕಲ್ಲದ, ಬದಲಾಗುವ ಬಡ್ಡಿಯ ಸಾಲವನ್ನು ವ್ಯಕ್ತಿಗಳು ಅವಧಿಗೆ ಮುನ್ನ ತೀರಿಸಿದರೆ ದಂಡ ಹಾಕಬಾರದೆಂದು ರಿಸರ್ವ್ ಬ್ಯಾಂಕ್ ಹೇಳಿದೆ; ಕಾಫಿ ಮಾರಿದ ದುಡ್ಡಿನಲ್ಲಿ ಅಸಲಿಗೆ ಕಟ್ಟುವವರಿಗೆ ಇದು ತುಂಬ ಮುಖ್ಯ. ಹೆಚ್ಚುವರಿ ಕಟ್ಟಿದಾಗ ಕಂತು ಇಳಿಸಬೇಡಿ, ಅವಧಿ ಇಳಿಸಿ ಎಂದು ಬರೆದುಕೊಡಿ. ಸಾಲದ ಜೊತೆ ಜೀವವಿಮೆ ಸೇರಿಸಿ ಮೊತ್ತ ಹಿಗ್ಗಿಸಿದ್ದರೆ ತೆಗೆಸಿ. ಮನೆವಿಮೆ ಮಾತ್ರ ಬೇಕೇ ಬೇಕು. ಭಾರತ್ ಗೃಹ ರಕ್ಷಾ ಪಾಲಿಸಿಯಲ್ಲಿ ಸೋಲಾರ್ ಪ್ಯಾನೆಲ್ ಕಟ್ಟಡದ ಭಾಗವೆಂದೇ ಲೆಕ್ಕ. ಸಿಡಿಲು, ಬಿರುಗಾಳಿ, ಭೂಕುಸಿತವೂ ಸೇರಿವೆ. ಪ್ಯಾನೆಲ್ ಹಾಕಿದ ಮೇಲೆ ವಿಮೆಯ ಮೊತ್ತ ಏರಿಸಿಕೊಳ್ಳಿ.

ಗುತ್ತಿಗೆದಾರರಿಗೆ ಪೂರ್ತಿ ಹಣ ಒಂದೇ ಸಲ ಹೋಗಬಾರದು. ಸಾಮಾನು ಮನೆಗೆ ಬಂದು ಸೀರಿಯಲ್ ನಂಬರ್ ತಾಳೆಯಾದ ಮೇಲೆ ಶೇ 60-70, ಅಳವಡಿಕೆ ಮುಗಿದ ಮೇಲೆ ಇನ್ನಷ್ಟು, ನೆಟ್ ಮೀಟರ್ ಕೂತು ಸೆಸ್ಕ್ ಪರಿಶೀಲನೆ ಆದ ಮೇಲೆ ಉಳಿದ ಶೇ 10. ‘ಒಂದು ರೂಪಾಯಿ ಮುಂಗಡ ಬೇಡ, ಸಾಲ ನಾವೇ ಮಾಡಿಸುತ್ತೇವೆ’ ಎನ್ನುವವರ ಕಾಗದದಲ್ಲಿ ಪೂರ್ತಿ ಸಾಲ ಮೊದಲ ದಿನವೇ ಅವರ ಖಾತೆಗೆ ಹೋಗುವ ಷರತ್ತು ಇದೆಯೇ ನೋಡಿ.

ಮಾಡಿನ ಮೇಲೆ ಕೆಡುವ ಸಂಗತಿಗಳು

ಅರ್ಜಿ ಆಗಸ್ಟ್, ಸೆಪ್ಟೆಂಬರ್‌ನಲ್ಲಿ ಶುರುಮಾಡಿ. ಅಳವಡಿಕೆ ನವೆಂಬರ್‌ನಿಂದ ಮಾರ್ಚ್‌ನೊಳಗೆ ಮುಗಿಯಲಿ. ಏಪ್ರಿಲ್‌ನ ಗುಡುಗು ಮಳೆ ಬರುವ ಹೊತ್ತಿಗೆ ಅರ್ತಿಂಗ್ ಸಿದ್ಧವಿರಬೇಕು: ಡಿಸಿ, ಎಸಿ, ಸಿಡಿಲು ತಡೆ ಮೂರಕ್ಕೂ ಬೇರೆ ಬೇರೆ ಗುಂಡಿ, ಡಿಸಿ, ಎಸಿ ಎರಡೂ ಬದಿಗೆ ಟೈಪ್ 2 ಸರ್ಜ್ ರಕ್ಷಕ (ದಿಢೀರ್ ಏರುವ ವೋಲ್ಟೇಜ್ ತಡೆಯುವ ಸಾಧನ). ಒಂದೇ ಗುಂಡಿಗೆ ಮೂರನ್ನೂ ಕಟ್ಟಿ ಹೋಗುವುದು ಸಾಮಾನ್ಯ, ಇನ್ವರ್ಟರ್ ಸುಡುವುದೂ ಹಾಗೆಯೇ.

ಪ್ಯಾನೆಲ್ ಒಂದೊಂದೂ 28 ಕಿಲೋ ಆಸುಪಾಸು. ಮಂಗಳೂರು ಹೆಂಚಿನ ಮಾಡಾದರೆ ಕೊಕ್ಕೆಗಳು ಪಕಾಸಿಗೆ ಕೂರಬೇಕು, ರೀಪಿಗಲ್ಲ. ಗೆದ್ದಲು ತಿಂದ ಪಕಾಸು ಮೊದಲು ಬದಲಾಗಬೇಕು. ತಾರಸಿ ಮೇಲಿನ ಶೀಟಾದರೆ ಸ್ಕ್ರೂ ಶೀಟಿನ ಏಣಿನ ಮೇಲೆ, ರಬ್ಬರ್ ವಾಷರ್ ಸಮೇತ. ತಗ್ಗಿನಲ್ಲಿ ಕೊರೆದರೆ ಮೊದಲ ಮಳೆಗೇ ಸೋರುತ್ತದೆ. ದಕ್ಷಿಣಕ್ಕೆ 12ರಿಂದ 15 ಡಿಗ್ರಿ ಇಳಿಜಾರು ಬೇಕು. ಅದಕ್ಕಿಂತ ಚಪ್ಪಟೆಯಾಗಿ ಇಟ್ಟರೆ ಪ್ಯಾನೆಲ್‌ನ ಕೆಳ ಅಂಚಿನ ಫ್ರೇಮಿನ ಬಳಿ ನೀರು ನಿಂತು, ಧೂಳು ಸೇರಿ, ಆಗಸ್ಟ್ ಹೊತ್ತಿಗೆ ಬೆರಳಗಲದ ಹಸಿರು ಪಾಚಿ ಕಟ್ಟುತ್ತದೆ. ನೋಡಲು ಚಿಕ್ಕದು, ಆದರೆ ಕೆಳಸಾಲಿನ ಸೆಲ್‌ಗಳು ಮುಚ್ಚಿ ಉತ್ಪಾದನೆ ಗಣನೀಯವಾಗಿ ಇಳಿಯುತ್ತದೆ. ಮೆತ್ತನೆ ಬ್ರಷ್, ಬರೀ ನೀರು, ಬೆಳಗಿನ ಹೊತ್ತು. ತಂತಿ ಬ್ರಷ್ ಬೇಡ.

ಸಿಲ್ವರ್ ಓಕ್ ನೆರಳು ಇನ್ನೊಂದು ಶತ್ರು. ಜಾಗ ನೋಡಲು ಬಂದವರು ಮಧ್ಯಾಹ್ನ 12ಕ್ಕೆ ಬಂದು ‘ಬಿಸಿಲು ಚೆನ್ನಾಗಿದೆ’ ಎಂದು ಹೋಗುತ್ತಾರೆ. ಬೆಳಿಗ್ಗೆ 9ಕ್ಕೂ ಸಂಜೆ 4ಕ್ಕೂ ಡಿಸೆಂಬರ್ ನೆರಳು ಎಲ್ಲಿ ಬೀಳುತ್ತದೆಂದು ನೀವೇ ನೋಡಿ. ತೋಟದಲ್ಲಿ ನೆರಳಿಲ್ಲದ ಜಾಗ ಸಾಮಾನ್ಯವಾಗಿ ಕಾಫಿ ಕಣ ಒಂದೇ. ಕಣದ ಉತ್ತರ ಅಂಚಿನಲ್ಲಿರುವ ಗೋದಾಮಿನ ಮಾಡು ಮನೆಯ ಮಾಡಿಗಿಂತ ಒಳ್ಳೆಯ ಜಾಗವಾಗಬಹುದು, ಪ್ಯಾನೆಲ್ ನೆರಳು ಒಣಗುವ ಕಾಫಿಯ ಮೇಲೂ ಬೀಳದು.

ಒಳಗೆ, ಬ್ಯಾಟರಿ ಮತ್ತು ಇನ್ವರ್ಟರ್ ನಡುವಿನ ಸಂವಹನ ಕೇಬಲ್ ಹಾಕಿದ್ದಾರೆಯೇ, ಎರಡರ ಪ್ರೊಟೊಕಾಲ್ ಹೊಂದುತ್ತದೆಯೇ ಎಂದು ಕೊಳ್ಳುವ ಮೊದಲೇ ಬರಹದಲ್ಲಿ ಪಡೆಯಿರಿ. ಕೇಬಲ್ ಇಲ್ಲದಿದ್ದರೆ ಇನ್ವರ್ಟರ್ ವೋಲ್ಟೇಜ್ ನೋಡಿ ಊಹಿಸುತ್ತದೆ. ಈ ಬಗೆಯ ಲೀಥಿಯಂ ಬ್ಯಾಟರಿಯ ವೋಲ್ಟೇಜ್ ಕೊನೆಯವರೆಗೂ ಹೆಚ್ಚು ಇಳಿಯುವುದಿಲ್ಲವಾದ್ದರಿಂದ ಶೇ 40 ಎಂದು ತೋರಿಸುತ್ತಲೇ ಕತ್ತಲಾಗುತ್ತದೆ. ಬ್ಯಾಟರಿಯಿಂದ ಓಡುವ ಲೈನುಗಳಿಗೆ ಬೇರೆ ಡಿಬಿ (ಸ್ವಿಚ್ಚುಗಳ ವಿತರಣಾ ಪೆಟ್ಟಿಗೆ), ಬೇರೆ ನ್ಯೂಟ್ರಲ್ ಇರಲಿ. ಹಳೆ ಮನೆಗಳ ವೈರಿಂಗ್‌ನಲ್ಲಿ ನ್ಯೂಟ್ರಲ್ ಎಲ್ಲ ಒಂದಾಗಿದ್ದು ಆರ್‌ಸಿಸಿಬಿ (ಕರೆಂಟ್ ಸೋರಿದರೆ ಲೈನ್ ಕತ್ತರಿಸುವ ಸ್ವಿಚ್) ಪದೇ ಪದೇ ಬೀಳುವುದು ಇದರಿಂದಲೇ. 1 ಎಚ್‌ಪಿ ಪಂಪು ಶುರುವಾಗುವಾಗ ಮಾಮೂಲಿಯ ಮೂರು ಪಟ್ಟಿಗಿಂತ ಹೆಚ್ಚು ಕರೆಂಟ್ ಎಳೆಯುತ್ತದೆ. ಪಂಪನ್ನೂ ಬ್ಯಾಟರಿಗೆ ಸೇರಿಸುವುದಾದರೆ ಅಳವಡಿಸಿದ ದಿನವೇ ಮೇನ್ ಆಫ್ ಮಾಡಿ, ಫ್ರಿಜ್ ಓಡುತ್ತಿರುವಾಗಲೇ ಪಂಪ್ ಹಾಕಿ ನೋಡಿ. ಆ ಪರೀಕ್ಷೆ ಪಾಸಾಗದೆ ಕೊನೆಯ ಕಂತು ಕೊಡಬೇಡಿ.

ಜೂನ್ 1ಕ್ಕೆ ಇನ್ವರ್ಟರಿನ ಬ್ಯಾಕಪ್ ಮೀಸಲನ್ನು (ಕರೆಂಟ್ ಹೋದಾಗಿಗೆಂದು ಬ್ಯಾಟರಿಯಲ್ಲಿ ಉಳಿಸುವ ಪಾಲು) ಶೇ 90ಕ್ಕೆ ಏರಿಸಿ, ಅಕ್ಟೋಬರ್‌ನಲ್ಲಿ ಶೇ 30ಕ್ಕೆ ಇಳಿಸಿ. ಇದನ್ನು ಮಾಡದ ಮನೆಯಲ್ಲಿ ಮಾಮೂಲಿ ಸಂಜೆಯ ಟೀವಿಗೆ ಬ್ಯಾಟರಿ ಖಾಲಿಯಾಗಿ, ರಾತ್ರಿ ಮರ ಬಿದ್ದಾಗ ಏನೂ ಉಳಿದಿರುವುದಿಲ್ಲ.

ಸಾಲ ತೀರಿದ ಮೇಲೆ

ಅಡಮಾನ ಮಾಡಿದವರಿಗೆ ಕೊನೆಯ ಕಂತಿನ ನಂತರವೂ ಕೆಲಸ ಬಾಕಿ ಇರುತ್ತದೆ. ಸಾಲ ಪೂರ್ತಿ ತೀರಿದ 30 ದಿನದೊಳಗೆ ಅಸಲು ಪತ್ರ ಹಿಂದಿರುಗಿಸದಿದ್ದರೆ, ವಿಳಂಬ ಬ್ಯಾಂಕಿನದಾದಲ್ಲಿ, ದಿನಕ್ಕೆ 5,000 ರೂಪಾಯಿ ಪರಿಹಾರ ಕೊಡಬೇಕೆಂಬ ರಿಸರ್ವ್ ಬ್ಯಾಂಕ್ ನಿಯಮ 2023ರ ಡಿಸೆಂಬರ್ 1ರಿಂದ ಜಾರಿಯಲ್ಲಿದೆ. ಪತ್ರ ಒಪ್ಪಿಸುವಾಗ ಪಡೆದ ಪಟ್ಟಿಯನ್ನು ಎದುರಿಗಿಟ್ಟು ಒಂದೊಂದೇ ಹಾಳೆ ತಾಳೆ ನೋಡಿ ತೆಗೆದುಕೊಳ್ಳಿ. ನಂತರ ಉಪನೋಂದಣಿ ಕಚೇರಿಯಲ್ಲಿ ಅಡಮಾನ ಬಿಡುಗಡೆ ನೋಂದಾಯಿಸಿ, ಸೆರ್ಸಾಯ್ (ಅಡಮಾನಗಳ ಕೇಂದ್ರ ನೋಂದಣಿ) ದಾಖಲೆಯಲ್ಲಿ ಋಣ ತೀರಿದ್ದನ್ನು ಬ್ಯಾಂಕಿನಿಂದಲೇ ದಾಖಲು ಮಾಡಿಸಿ, ಹೊಸ ಋಣಭಾರ ಪತ್ರ ತೆಗೆದು ಅದರಲ್ಲಿ ಬಿಡುಗಡೆ ನಮೂದಾಗಿರುವುದನ್ನು ಕಣ್ಣಾರೆ ನೋಡಿ. ಅದರ ಒಂದು ಪ್ರತಿಯನ್ನು ಪಾಲುಪಟ್ಟಿಯ ಜೊತೆಗೇ ಇಡಿ.